ಕುರುಮಾನಿನ ವೃದ್ಧ ದಂಪತಿಗಳು

ನೆಲಕ್ಕೆ ಸಗಣಿ ಸಾರಿಸುವುದು ನಮ್ಮವರಿಗೆ ಹೊಸ ಮಾತಲ್ಲ. ಮುಂಬಯಿಯ ಮಾಳಿಗೆ ಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು ಅದನ್ನು ಕಂಡಿರಲಾರರು. ಆದರೆ ಊರಿನ ಅಂಗಳವನ್ನೂ, ಅಜ್ಜಿಯ ಕೈಬೆರಳುಗಳು ಆ ಹಸಿನೆಲದ ಮೇಲೆ ಬಿಡಿಸುತ್ತಿದ್ದ ಅರ್ಧಚಂದ್ರದ ಗೆರೆಗಳನ್ನೂ ಹಿರಿಯರಾರೂ ಮರೆತಿರಲಾರರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸೀಮೆಯ ಅನುಕೂಲಸ್ಥರ ಮನೆಯ ಹೆಣ್ಣುಮಗಳೊಬ್ಬಳು ಆಫ್ರಿಕದ ಒಳನಾಡಿನಿಂದ ತವರಿಗೆ ಕಾಗದ ಬರೆದು, ತಾನು ವಾರಕ್ಕೊಮ್ಮೆಯಾದರೂ ಕೋಣೆಗಳಿಗೆ ಸಗಣಿ ಸಾರಿಸದೆ ಬಿಡುವುದಿಲ್ಲವೆಂದು ತಿಳಿಸಿದ್ದಳೆಂದರೆ ನಮಗೆ ಅಚ್ಚರಿಯೂ ಆಗುತ್ತದೆ, ಒಂದು ಬಗೆಯ ಬಂಧುಭಾವವೂ ಮೂಡುತ್ತದೆ. ಮೊದಮೊದಲು ಆಕೆಗೆ ಹೇಸಿಗೆಯಾಗಿತ್ತಂತೆ. ಅನಂತರ ಧೂಳು ಅಡಗಿಸುವುದಕ್ಕೂ ಚಿಗಟಗಳನ್ನು ತೊಲಗಿಸುವುದಕ್ಕೂ ಇದಕ್ಕಿಂತ ಮೇಲಾದುದಿಲ್ಲವೆಂದು ಕಂಡುಕೊಂಡು, ನೀರಿನಲ್ಲಿ ತೆಳ್ಳಗೆ ಕಲಸಿ ಸಾರಿಸುವ ಕ್ರಮವನ್ನೂ ವಿವರಿಸಿ ಬರೆದರು. ನೋಡಲೂ ಚೆಂದವೇ ಎಂಬ ಮಾತೂ ಅದರಲ್ಲಿತ್ತು.

ಆಕೆಯ ಹೆಸರು ಮೇರಿ ಮಾಫಟ್. ಗಂಡ ರಾಬರ್ಟ್ ಮಾಫಟ್. ಇಬ್ಬರೂ ಹುಟ್ಟಿದ್ದು 1795ರಲ್ಲಿ. ಮದುವೆಯಾದುದು 1819ರ ಡಿಸೆಂಬರ್ 27ರಂದು, ಕೇಪ್‌ಟೌನ್ ನಗರದಲ್ಲಿ. ರಾಬರ್ಟರು ಸ್ಕಾಟ್ಲೆಂಡಿನ ಬಡ ಮನೆತನದವರು, ಕಸುಬಿನಿಂದ ತೋಟಗಾರರು. ಕೆಲಸಕ್ಕಿದ್ದ ಸಸಿತೋಟದ ಯಜಮಾನರ ಮಗಳೇ ಈ ಮೇರಿ. ತರುಣನು ಮಿಶನರಿಯಾಗಿ 1816ರಲ್ಲಿ ಹಡಗು ಹತ್ತಿದಾಗ ಹುಡುಗಿಯ ತಂದೆತಾಯಿಗಳು ಅವಳನ್ನು ಕಳುಹಿಸಲು ಒಪ್ಪಲಿಲ್ಲ. ಎರಡು ವರ್ಷಗಳಿಗೂ ಹೆಚ್ಚು ಕಾಲ ಕಾದ ಮೇಲೆ ಅವರ ಮನಸ್ಸು ಕರಗಿತು. ಹುಡುಗಿ ಸಮುದ್ರ ದಾಟಿ ಹೋಗಿ ಮದುವೆಯಾದಳು. ಅಂದಿನಿಂದ 1870ರ ವರೆಗೆ, ನಡುವೆ 1839ರಿಂದ 1843ರ ವರೆಗಿನ ಒಂದೇ ಒಂದು ರಜೆಯನ್ನು ಬಿಟ್ಟರೆ, ಐವತ್ತು ವರ್ಷ ಇವರ ಸಂಸಾರ ನಡೆದುದು ಆಫ್ರಿಕದಲ್ಲಿಯೇ. ಅದರಲ್ಲಿಯೂ ಬಹುಪಾಲು ಕಳಹಾರಿ ಮರುಭೂಮಿಯ ಅಂಚಿನ ಕುರುಮಾನ್ ಎಂಬಲ್ಲಿ. ಅವರ ಮಗ ಜಾನ್ ಸ್ಮಿತ್ ಮಾಫಟ್ ತಂದೆತಾಯಿಗಳಿಬ್ಬರ ಚರಿತ್ರೆಯನ್ನು 1885ರಲ್ಲಿ ಒಂದೇ ಗ್ರಂಥವಾಗಿ ಪ್ರಕಟಿಸಿದರು. ದೊಡ್ಡ ಮನುಷ್ಯರ ಚರಿತ್ರೆಗಳಲ್ಲಿ ಹೆಂಡತಿಗೆ ಒಂದು ಪುಟ ಸಿಕ್ಕರೆ ಹೆಚ್ಚು. ಇಲ್ಲಿ ಪುಸ್ತಕದ ಹೆಸರಿನಲ್ಲಿಯೇ ಇಬ್ಬರೂ ಇದ್ದಾರೆ. ಅದು ನ್ಯಾಯವೂ ಹೌದು.

ಇವರನ್ನು ಕಳುಹಿಸಿದ್ದು ಲಂಡನ್ ಮಿಶನರಿ ಸೊಸಾಯಿಟಿ. ಈ ಹೆಸರು ನಮ್ಮ ನಾಡಿಗೆ ಅಪರಿಚಿತವಲ್ಲ. ಇದೇ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸಲು ಕುಳಿತವರು; ಇದೇ ಸಂಸ್ಥೆಯ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಹೊರತಂದವರು. ಆದರೆ ಬಳ್ಳಾರಿಗೆ ಬಂದವರಿಗೆ ‘ಕವಿರಾಜಮಾರ್ಗ’ದಿಂದ ಹಿಡಿದು ಸಾವಿರ ವರ್ಷ ಪಳಗಿದ ಭಾಷೆಯೂ, ಅದನ್ನು ಕಲಿಸಬಲ್ಲ ಪಂಡಿತರೂ ದೊರೆತರು. ಕುರುಮಾನಿಗೆ ಹೋದವರಿಗೆ ದೊರೆತುದು ಲಿಪಿಯೇ ಇಲ್ಲದ ತ್ಸ್ವಾನ ಭಾಷೆ. ಅದನ್ನು ಅಕ್ಷರಕ್ಕಿಳಿಸುವ ಹೊಣೆ ಹೆಚ್ಚು ಶಾಲೆ ಕಾಣದ ಒಬ್ಬ ತೋಟಗಾರನ ಮೇಲೆ ಬಿತ್ತು.

ತೋಟಗಾರಿಕೆ ವ್ಯರ್ಥವಾಗಲಿಲ್ಲವೆಂಬುದನ್ನು ಮೊದಲು ಹೇಳಬೇಕು. ಕುರುಮಾನಿನಲ್ಲಿ ಸುಣ್ಣಕಲ್ಲಿನ ಬಂಡೆಯಡಿಯಿಂದ ಒಂದು ಮಹಾಬುಗ್ಗೆ ಚಿಮ್ಮುತ್ತದೆ. ಜನ ಅದನ್ನು ‘ಕಣ್ಣು’ ಎಂದೇ ಕರೆಯುತ್ತಾರೆ. ದಿನಕ್ಕೆ ಸುಮಾರು 2 ಕೋಟಿ ಲೀಟರ್ ನೀರು, ಸುತ್ತಲೂ ಒಣನೆಲ. ಮಾಫಟರು ಸಂಗಡಿಗರೊಡನೆ ಕಣಿವೆಯಲ್ಲಿ ಕಾಲುವೆ ತೋಡಿ ಆ ನೀರನ್ನು ಹರಿಸಿ ಗೋಧಿ, ತರಕಾರಿ, ಹಣ್ಣಿನ ಮರಗಳನ್ನು ಬೆಳೆಸಿದರು. ಕಾಲುವೆಯ ಆರಂಭ ಮಾತ್ರ ಸುಖಕರವಾಗಿರಲಿಲ್ಲ. ಆ ನಾಡಿನಲ್ಲಿ ಬೇಸಾಯ ಹೆಂಗಸರದು. ಮಿಶನಿನ ತೋಟಕ್ಕೆ ನೀರು ಹೋಗುವುದನ್ನು ಕಂಡು ಅವರು ಕಾಲುವೆಯನ್ನು ಒಡೆದು ತಮ್ಮ ಹೊಲಗಳಿಗೆ ತಿರುಗಿಸಿಕೊಳ್ಳುತ್ತಿದ್ದರು. ಪಾದ್ರಿಗಳು ಇದನ್ನು ಉಪಟಳವೆಂದು ಬರೆದಿದ್ದಾರೆ. ನೀರಿಗಾಗಿ ನೆರೆಹೊರೆಯವರೇ ಬಡಿದಾಡುವ ನಾಡಿನಿಂದ ಬಂದ ನಮಗೆ ಆ ಹೆಂಗಸರ ಪಕ್ಷವೂ ತಿಳಿಯದಿರದು. ಹೊರಗಿನಿಂದ ಬಂದವನು ಬುಗ್ಗೆಯ ನೀರನ್ನು ತನ್ನ ಪಾತಿಗೆ ತಿರುಗಿಸಿಕೊಂಡರೆ ಯಾವ ಊರಿನವರು ಸುಮ್ಮನಿದ್ದಾರು? ಮಳೆ ತಡೆದಾಗ ಅದಕ್ಕೂ ಇವರೇ ಕಾರಣರೆಂದು ಮಳೆ ತರಿಸುವ ಮಾಂತ್ರಿಕರು ದೂರಿದರು. ಹಾಗೂ ಹೀಗೂ ಒಂಬತ್ತು ವರ್ಷ ಕಳೆದರೂ ಒಬ್ಬನೂ ಇವರ ಧರ್ಮಕ್ಕೆ ಸೇರಲಿಲ್ಲ. ಅಂಥ ಕಾಲದಲ್ಲಿಯೇ, ಶೆಫೀಲ್ಡಿನ ಗೆಳತಿಯೊಬ್ಬಳು ಏನು ಕಳುಹಿಸಲೆಂದು ಕೇಳಿದಾಗ, ಮೇರಿಯವರು ಪ್ರಭುಭೋಜನದ ಪಾತ್ರೆಗಳನ್ನು ಕಳುಹಿಸೆಂದು ಬರೆದರು. ಉಣ್ಣುವವರೇ ಇಲ್ಲದ ಪಂಕ್ತಿಗೆ ಪಾತ್ರೆ! 1829ರಲ್ಲಿ ಮೊದಲ ಆರು ಮಂದಿ ಸೇರಿದಾಗ, ಆ ಪಾತ್ರೆಗಳು ಸಮಯಕ್ಕೆ ಸರಿಯಾಗಿ ಬಂದು ತಲುಪಿದವು.

ಇಷ್ಟು ಪೂರ್ವಕಥೆ. ನಮಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇವರ ಇಳಿವಯಸ್ಸಿನ ದಿನಗಳು. ಐವತ್ತು ದಾಟಿದ ಗಂಡಹೆಂಡಿರು, ಮಕ್ಕಳೆಲ್ಲ ದೂರವಾಗಿ, ಕಲ್ಲಿನ ಆ ಮನೆಯಲ್ಲಿ ಹೇಗೆ ದಿನ ಕಳೆದರೆಂಬುದು. ಮಾಫಟರ ದಿನ ಹಲವು ಚೂರುಗಳಾಗಿ ಒಡೆದಿರುತ್ತಿತ್ತು. ಅನುವಾದದ ಹಾಳೆಯ ಮುಂದೆ ಕುಳಿತು ಒಂದು ವಾಕ್ಯವನ್ನು ಕೂಡಿಸುವಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತಿರುತ್ತಿದ್ದರು. ಒಬ್ಬನಿಗೆ ಜ್ವರ, ಒಬ್ಬನ ಗಾಡಿಯ ಅಚ್ಚು ಮುರಿದಿದೆ, ಒಬ್ಬರದು ದನದ ತಂಟೆ. ಲೇಖನಿಯನ್ನಿಟ್ಟು ಮದ್ದು ಕೊಟ್ಟು, ಕುಲುಮೆಗೆ ಹೋಗಿ ಸುತ್ತಿಗೆ ಹಿಡಿದು, ಮರಳಿ ಬಂದು ಅದೇ ವಾಕ್ಯವನ್ನು ಹುಡುಕಬೇಕು. 1831ರಲ್ಲಿ ಕೇಪ್‌ಟೌನಿನಿಂದ ಎತ್ತಿನ ಗಾಡಿಯಲ್ಲಿ ತಂದ ಮುದ್ರಣಯಂತ್ರವೊಂದಿತ್ತು. ಬರೆದದ್ದನ್ನು ಮೊಳೆ ಜೋಡಿಸಿ ಅಚ್ಚು ಮಾಡುವುದೂ ಅಲ್ಲಿಯೇ. ಭಾನುವಾರವೆಂದರೆ ಉಪದೇಶ, ಪಾಠ, ಮತ್ತೆ ಉಪದೇಶ. 1838ರಲ್ಲಿ ಮುಗಿದ ಕಲ್ಲಿನ ದೇವಾಲಯದ ತೊಲೆಗಳನ್ನು ಎತ್ತಿನ ಗಾಡಿಗಳಲ್ಲಿ ಬಹುದೂರದಿಂದ ಹೊತ್ತು ತಂದಿದ್ದರು. ಹುಲ್ಲು ಹೊದಿಸಿದ ಆ ಕಟ್ಟಡ ಇಂದಿಗೂ ನಿಂತಿದೆ.

ಮೇರಿಯವರ ದಿನಕ್ಕೆ ಚೂರುಗಳೂ ಇರಲಿಲ್ಲ. ಅದೊಂದು ಮುಗಿಯದ ದಾರ. ರೊಟ್ಟಿ ಸುಡಬೇಕು, ಕೊಬ್ಬು ಕರಗಿಸಿ ಮೇಣದಬತ್ತಿ ಎರೆಯಬೇಕು, ಸಾಬೂನು ಕಾಯಿಸಬೇಕು, ಹೊಲಿಯಬೇಕು. ಸಭೆಗೆ ಸೇರಿದ ಹೆಂಗಸರು ಬಟ್ಟೆ ತೊಡಲು ಬಯಸಿದಾಗ, ಸೂಜಿ ಹಿಡಿದೇ ಗೊತ್ತಿಲ್ಲದ ಕೈಗಳಿಗೆ ಹೊಲಿಗೆ ಕಲಿಸುವ ಶಾಲೆ ನಡೆಸಿದವರೂ ಆಕೆಯೇ. (ಬಟ್ಟೆ ತೊಡದವರು ಅನಾಗರಿಕರೆಂಬ ಭಾವನೆ ಅಂದಿನ ಪಾದ್ರಿಗಳಲ್ಲಿ ಬಲವಾಗಿತ್ತು, ಅದನ್ನು ನಾವು ಒಪ್ಪಬೇಕಾಗಿಲ್ಲ.) ಇದರ ಮೇಲೆ ಅತಿಥಿಗಳು. ಕುರುಮಾನಿನಿಂದಾಚೆಗೆ ಐರೋಪ್ಯರ ಮನೆಯೇ ವಿರಳವಾದ್ದರಿಂದ, ಉತ್ತರಕ್ಕೆ ಹೋಗುವ ಬೇಟೆಗಾರರು, ವ್ಯಾಪಾರಿಗಳು, ಪ್ರವಾಸಿಗಳು, ಹೊಸ ಮಿಶನರಿಗಳು ಎಲ್ಲರೂ ಇಳಿಯುತ್ತಿದ್ದುದು ಇವರಲ್ಲಿಯೇ. ಹೇಳದೆ ಕೇಳದೆ ಗಾಡಿ ಬಂದು ಅಂಗಳದಲ್ಲಿ ನಿಲ್ಲುತ್ತಿತ್ತು. ಊರಿನಿಂದ ಬಂದ ಗುರುತಿನವರನ್ನೆಲ್ಲ ಒಂದೇ ಕೋಣೆಯಲ್ಲಿ ಮಲಗಿಸಿಕೊಂಡು ಕೆಲಸ ಸಿಗುವವರೆಗೆ ಉಣಬಡಿಸಿದ ನಮ್ಮ ಮುಂಬಯಿಯ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಗಾಗ ಬಂದು ಉಳಿದವರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಒಬ್ಬರು. ಸಿಂಹ ಕಚ್ಚಿ ತೋಳು ಮುರಿದ ಮೇಲೆ ಇಲ್ಲಿಗೆ ಬಂದು ಸುಧಾರಿಸಿಕೊಳ್ಳುತ್ತಿದ್ದಾಗ, 1844ರಲ್ಲಿ, ತೋಟದ ಬಾದಾಮಿ ಮರದಡಿ ಈ ದಂಪತಿಗಳ ಹಿರಿಯ ಮಗಳನ್ನು ಮದುವೆಯಾಗಲು ಕೇಳಿದರೆಂಬುದು ಪ್ರಸಿದ್ಧವಾದ ಸಂಗತಿ. ಮಗಳ ಹೆಸರೂ ಮೇರಿಯೇ. ಅಳಿಯನೆಂದರೆ ಅತ್ತೆಗೆ ಅಭಿಮಾನವೂ ಇತ್ತು, ಕೋಪವೂ ಇತ್ತು. ಬಸುರಿ ಹೆಂಡತಿಯನ್ನೂ ಎಳೆಯ ಮಕ್ಕಳನ್ನೂ ನೀರಿಲ್ಲದ ಮರುಭೂಮಿಯ ಮೂಲಕ ಕರೆದೊಯ್ಯುವ ಅಳಿಯನ ಹಟವನ್ನು ಕಂಡು 1851ರಲ್ಲಿ ಆಕೆ ಬರೆದ ಕಾಗದದಲ್ಲಿ ಪಾದ್ರಿಯ ಪತ್ನಿಯ ಸಂಯಮ ಕಾಣುವುದಿಲ್ಲ, ಕಾಣುವುದು ತಾಯಿ. ಹಿಂದಿನ ವರ್ಷದ ಅಂಥದೇ ಪ್ರಯಾಣದ ಬಳಿಕ ಮಗಳು ಒಂದು ಹಸುಗೂಸನ್ನು ಕಳೆದುಕೊಂಡಿದ್ದಳು. ಅಳಿಯ ಹೋದದ್ದು ಹೋದದ್ದೇ. ಭೂಗೋಳಶಾಸ್ತ್ರವು ಲಿವಿಂಗ್‌ಸ್ಟನ್ನರಿಗೆ ಎಷ್ಟು ಋಣಿಯೋ ನಾವು ಅಳೆಯಲಾರೆವು; ಈ ವಿಷಯದಲ್ಲಿ ಮಾತ್ರ ನಮ್ಮ ಮನಸ್ಸು ಅತ್ತೆಯ ಕಡೆಗೆ.

ಮಕ್ಕಳ ವಿಷಯವೇ ಈ ಸಂಸಾರದ ನಿಜವಾದ ಸುಂಕ. ಹತ್ತು ಮಕ್ಕಳಲ್ಲಿ ಇಬ್ಬರು ಕೂಸುಗಳಾಗಿದ್ದಾಗಲೇ ತೀರಿಕೊಂಡರು. 1839ರಲ್ಲಿ ರಜೆಗೆಂದು ಹಡಗು ಹತ್ತಿದಾಗ ಮೇರಿಯವರು ಹಡಗಿನಲ್ಲಿಯೇ ಹೆಣ್ಣು ಹೆತ್ತರು. ಕೆಲವೇ ದಿನಗಳಲ್ಲಿ ಆರು ವರ್ಷದ ಮಗ ಜೇಮ್ಸ್ ದಡಾರದಿಂದ ಅದೇ ಹಡಗಿನಲ್ಲಿ ಕಣ್ಣು ಮುಚ್ಚಿದನು. ಉಳಿದವರನ್ನು ಓದಿಗಾಗಿ ದೂರ ಕಳುಹಿಸಬೇಕು. ಕುರುಮಾನಿನಿಂದ ಕೇಪ್‌ಟೌನಿಗೆ ಎತ್ತಿನ ಗಾಡಿಯಲ್ಲಿ ತಿಂಗಳುಗಳ ದಾರಿ. ಆರೆಂಜ್ ನದಿ ತುಂಬಿತೆಂದರೆ ದಡದಲ್ಲಿಯೇ ಬಿಡಾರ. ಗಂಡ ಅಚ್ಚಿನ ಕೆಲಸ ಬಿಟ್ಟು ಬರುವಂತಿಲ್ಲವೆಂದು ತಾಯಿಯೇ ಮಕ್ಕಳನ್ನು ಕರೆದೊಯ್ದು, ಹಡಗು ಹತ್ತಿಸಿ, ಬರಿದಾದ ಗಾಡಿಯಲ್ಲಿ ಒಬ್ಬರೇ ಮರಳಿದ್ದುಂಟು. ಇವುಗಳ ನಡುವೆ, ಸತ್ತ ತಾಯಿಯೊಡನೆ ಹೂಳಿಬಿಡಲಿದ್ದ ಎರಡು ಅನಾಥ ಮಕ್ಕಳನ್ನು ರಾಬರ್ಟರು ಬಿಡಿಸಿ ಮನೆಗೆ ತಂದಾಗ ಅವುಗಳನ್ನೂ ಸಾಕಿದರು.

ಅನುವಾದ ಮುಗಿಯಲು ಮೂವತ್ತು ವರ್ಷದಷ್ಟು ಕಾಲ ಹಿಡಿಯಿತು. ಮೊದಲ ವರ್ಷಗಳಲ್ಲಿ ಡಚ್ಚಿನ ಮೂಲಕ ದುಭಾಷಿಗಳನ್ನು ನಂಬಿ ಮೋಸಹೋದ ಮಾಫಟರು, 1827ರಲ್ಲಿ ಮನೆ ಬಿಟ್ಟು ಹಳ್ಳಿಗಳಲ್ಲಿ ಜನರ ನಡುವೆಯೇ ವಾಸಿಸಿ ಭಾಷೆ ಕಲಿತು ಬಂದಿದ್ದರು. ಹೊಸ ಒಡಂಬಡಿಕೆ 1840ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹಳೆಯ ಒಡಂಬಡಿಕೆ 1857ರಲ್ಲಿ ಕುರುಮಾನಿನಲ್ಲಿಯೇ ಮುಗಿಯಿತು. ಶ್ರಮದ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ಮಾತು ಹೇಳದೆ ಹೋದರೆ ವಾಚಕರಿಗೆ ಅನ್ಯಾಯ ಮಾಡಿದಂತಾದೀತು. ತ್ಸ್ವಾನ ಜನರು ಗತಿಸಿದ ಹಿರಿಯರ ಆತ್ಮಗಳನ್ನು ‘ಬದಿಮೊ’ ಎಂದು ಪೂಜ್ಯಭಾವದಿಂದ ಕರೆಯುತ್ತಾರೆ. ಬೈಬಲಿನಲ್ಲಿ ದೆವ್ವಗಳೆಂದು ಬಂದೆಡೆ ಮಾಫಟರು ಇದೇ ಶಬ್ದವನ್ನು ಬಳಸಿದರು. ನಮ್ಮಲ್ಲಿ ಯಾರಾದರೂ ‘ಪಿತೃಗಳು’ ಎಂಬ ಮಾತನ್ನು ಪಿಶಾಚಿಗಳಿಗೆ ಪರ್ಯಾಯವಾಗಿ ಅಚ್ಚು ಹಾಕಿಸಿದ್ದರೆ ಹೇಗಾಗುತ್ತಿತ್ತೋ ಊಹಿಸಬಹುದು. ಆ ನಾಡಿನ ವಿದ್ವಾಂಸರು, ಬೋಟ್ಸ್ವಾನದ ಮೂಸಾ ದುಬೆಯವರಂಥವರು, ಇದನ್ನು ಈಚಿನ ದಶಕಗಳಲ್ಲಿ ತೀಕ್ಷ್ಣವಾಗಿ ವಿಮರ್ಶಿಸಿದ್ದಾರೆ. ಒಂದು ಜನಾಂಗಕ್ಕೆ ಅಕ್ಷರ ಕೊಟ್ಟ ಕೈಯೇ ಆ ಜನಾಂಗದ ಅಜ್ಜಂದಿರನ್ನು ದೆವ್ವಗಳ ಸಾಲಿಗೆ ಸೇರಿಸಿತು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ಸರಿಯಲ್ಲ.

ಬರೆದು ಬರೆದು ಮಾಫಟರ ಆರೋಗ್ಯ ಕೆಟ್ಟಿತು. ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿರೆಂದರೆ ಒಪ್ಪಲಿಲ್ಲ. ಬದಲಾಗಿ 1854ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಸುಮಾರು ಸಾವಿರ ಕಿಲೋಮೀಟರ್ ಆಚೆಯ ಹಳೆಯ ಮಿತ್ರನನ್ನು ನೋಡಿ ಬರುತ್ತೇನೆಂದು ಗಾಡಿ ಕಟ್ಟಿಸಿದರು. ಈ ಮಿತ್ರ ಯಾರು? ಮಾಟಬೆಲೆ ಜನಾಂಗದ ದೊರೆ, ಸುತ್ತಣ ನಾಡುಗಳನ್ನು ನಡುಗಿಸಿದ ಮ್ಜಿಲಿಕಾಜಿ! 1829ರಲ್ಲಿ ಮೊದಲು ಕಂಡಂದಿನಿಂದ ಆ ರಾಜನಿಗೆ ಈ ಪಾದ್ರಿಯ ಮೇಲೆ ಅದೇಕೋ ಅಪಾರವಾದ ಪ್ರೀತಿ. ಧರ್ಮಕ್ಕೆ ಸೇರಲೂ ಇಲ್ಲ, ಸ್ನೇಹ ಬಿಡಲೂ ಇಲ್ಲ. ಮಾಫಟರು ಹೋದಾಗ ದೊರೆ ಕಾಲು ಊದಿ ನಡೆಯಲಾರದೆ ಬಿದ್ದಿದ್ದನು. ಇವರ ಮದ್ದಿನಿಂದ ಎದ್ದು ಓಡಾಡಿದನು.

ಆ ಪ್ರಯಾಣದಲ್ಲಿ ಇನ್ನೊಂದು ಸಂಗತಿ ನಡೆಯಿತು. ಎಲ್ಲಿದ್ದಾನೋ ಬದುಕಿದ್ದಾನೋ ತಿಳಿಯದ ಅಳಿಯನಿಗಾಗಿ ಕುರುಮಾನಿನ ಮನೆಯಿಂದ ಕಾಗದಗಳ, ತಿನಿಸುಗಳ, ಸಾಮಾನುಗಳ ಗಂಟುಗಳು ಗಾಡಿಯೇರಿದ್ದವು. ಮ್ಜಿಲಿಕಾಜಿಯ ಆಳುಗಳು ಅವನ್ನು ತಲೆಯ ಮೇಲೆ ಹೊತ್ತು ಜಾಂಬೆಜಿ ನದಿಯ ದಡಕ್ಕೆ ತಲುಪಿಸಿದರು. ಆಚೆಯ ದಡದವರು ಮಾಕೊಲೊಲೊ ಜನ, ಇವರ ವೈರಿಗಳು. ಗಂಟುಗಳಲ್ಲಿ ಮಾಟವಿರಬಹುದೆಂದು ಹೆದರಿದರೂ, ಅವರು ಅವನ್ನು ಒಂದು ನಡುಗಡ್ಡೆಗೆ ಸಾಗಿಸಿ ಮೇಲೆ ಗುಡಿಸಲು ಹೊದಿಸಿ ಕಾದಿಟ್ಟರು. 1855ರಲ್ಲಿ ಲಿವಿಂಗ್‌ಸ್ಟನ್ ಅಲ್ಲಿಗೆ ಬಂದಾಗ ಎಲ್ಲವೂ ಇದ್ದ ಹಾಗೆಯೇ ಇದ್ದವು. ವಿಳಾಸವಿಲ್ಲದ ಅಂಚೆ, ಇಬ್ಬರು ವೈರಿಗಳ ಕೈ ದಾಟಿ, ಒಂದು ವಸ್ತುವೂ ಕಳೆಯದೆ ಮುಟ್ಟಿತು.

1859ರಲ್ಲಿ ಮಾಫಟರು ಮತ್ತೆ ಹೊರಟರು; ಈ ಸಲ ಮಗ ಜಾನ್‌ನನ್ನೂ ಇತರ ತರುಣರನ್ನೂ ಮ್ಜಿಲಿಕಾಜಿಯ ನಾಡಿನ ಇನ್ಯಾತಿಯಲ್ಲಿ ನೆಲೆಗೊಳಿಸಲು. ಮನೆಯಲ್ಲಿ ಮೇರಿಯವರು ಉಳಿದರು. ಇಲ್ಲಿಂದ ಮುಂದೆ ಅಂಚೆಯೆಂದರೆ ಎದೆ ನಡುಗುವ ಕಾಲ. ಕುರುಮಾನಿನಿಂದಲೇ ಉತ್ತರಕ್ಕೆ ಹೊರಟಿದ್ದ ಹೆಲ್ಮೋರ್ ಎಂಬ ಮಿಶನರಿ ದಂಪತಿಗಳು 1860ರಲ್ಲಿ ಜ್ವರದಿಂದ ತೀರಿಕೊಂಡರು. 1862ರ ಏಪ್ರಿಲ್ 27ರಂದು ಜಾಂಬೆಜಿಯ ದಡದ ಶುಪಾಂಗದಲ್ಲಿ ಮಗಳು ಮೇರಿ ಲಿವಿಂಗ್‌ಸ್ಟನ್ ಜ್ವರಕ್ಕೆ ಬಲಿಯಾದರು. ಅವರನ್ನು ಒಂದು ಬಾವೊಬಾಬ್ ಮರದಡಿ ಮಣ್ಣು ಮಾಡಿದ ಸುದ್ದಿ ತಂದೆತಾಯಿಗಳನ್ನು ಮುಟ್ಟಲು ತಿಂಗಳುಗಳೇ ಹಿಡಿದವು. ಅದೇ ವರ್ಷ ಮಗ ರಾಬರ್ಟ್ ತೀರಿಕೊಂಡನು. 1866ರಲ್ಲಿ ಎರಡನೆಯ ಮಗಳು ಆ್ಯನ್‌ಳ ಗಂಡ, ಫ್ರೆಂಚ್ ಮಿಶನರಿ ಫ್ರೆಡೂ, ದುಷ್ಟ ವ್ಯಾಪಾರಿಯೊಬ್ಬನು ತನ್ನ ಗಾಡಿಯ ಮದ್ದಿಗೆ ಬೆಂಕಿಯಿಟ್ಟಾಗ ಸತ್ತರು. ವಿಧವೆಯಾದ ಮಗಳೂ ಅವಳ ಮಕ್ಕಳೂ ಮುದುಕರ ಪಾಲಿಗೆ ಬಂದರು. ಶಾಲೆ ನಿಲ್ಲಲಿಲ್ಲ, ಇಂಗ್ಲೆಂಡಿನಿಂದ ಮರಳಿದ ಕಿರಿಯ ಮಗಳು ಜೇನ್ ಅದನ್ನು ನಡೆಸಿದಳು. ತಾಯಿಗೆ ಎದೆಯ ಕಾಯಿಲೆ. ಆದರೂ ಅಡಿಗೆಮನೆಯ ಹೊಗೆ ಆರಲಿಲ್ಲ, ಅಂಗಳಕ್ಕೆ ಬಂದ ಗಾಡಿ ಹಸಿದು ಹಿಂದಿರುಗಲಿಲ್ಲ.

ಇನ್ನೊಂದು ಕಹಿಯನ್ನೂ ಹೇಳಿಬಿಡೋಣ. ಇದು ಮುದುಕರು ಕಾಣದೆ ಹೋದ ಕಹಿ. ಮಗ ಜಾನ್ ಮುಂದೆ ಮಿಶನ್ ಬಿಟ್ಟು ಸರಕಾರದ ಕೆಲಸಕ್ಕೆ ಸೇರಿದರು. 1888ರ ಫೆಬ್ರುವರಿಯಲ್ಲಿ ಮ್ಜಿಲಿಕಾಜಿಯ ಮಗ ಲೊಬೆಂಗುಲನಿಂದ ಬ್ರಿಟಿಷರಿಗೆ ಅನುಕೂಲವಾದ ಒಪ್ಪಂದಕ್ಕೆ ಅಂಕಿತ ಪಡೆದವರು ಇವರೇ. ಅಪ್ಪನ ಮೇಲೆ ಅಪ್ಪನಿಗಿದ್ದ ವಿಶ್ವಾಸ ಮಗನ ಮೇಲೆ ಮಗನಿಗೂ ಬಂದಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೆಸಿಲ್ ರೋಡ್ಸನ ಕಡೆಯವರು ಗಣಿಯ ಹಕ್ಕನ್ನು ಬರೆಸಿಕೊಂಡರು. 1893ರಲ್ಲಿ ರಾಜ್ಯವೇ ಹೋಯಿತು. ಜಾನ್ ಅವರಿಗೂ ರೋಡ್ಸನ ಕಂಪೆನಿಯ ನಡೆ ಹಿಡಿಸಲಿಲ್ಲವೆಂಬುದು ನಿಜ. ಆದರೆ ಆಗ ಕಾಲ ಮಿಂಚಿತ್ತು. ರೋಗಿಯಾದ ದೊರೆಯ ಕಾಲಿಗೆ ಮದ್ದು ಹಚ್ಚಿದ ಸ್ನೇಹವು ಇಂಥದಕ್ಕೆ ದಾರಿಯಾಯಿತೆಂಬುದನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

1870ಕ್ಕೆ ಮಾಫಟರಿಗೆ ಎಪ್ಪತ್ತನಾಲ್ಕು ತುಂಬಿತ್ತು. ಸೊಸಾಯಿಟಿ ಮರಳಿ ಬನ್ನಿರೆಂದು ಕರೆಯುತ್ತಿತ್ತು. ‘ಮರಳಿ’ ಎಂಬ ಆ ಮಾತು! ನಮ್ಮಲ್ಲಿಯೂ ನೌಕರಿಯಿಂದ ನಿವೃತ್ತರಾದ ಎಷ್ಟೋ ದಂಪತಿಗಳು ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಇನ್ನು ಊರಿಗೆ ಹೋಗೋಣವೆಂದು ಗಂಡ. ಊರಿನಲ್ಲಿ ಈಗ ಯಾರಿದ್ದಾರೆಂದು ಹೆಂಡತಿ. ಊರಿನ ಮನೆಗೆ ಬೀಗ, ಇಲ್ಲಿಯ ಮನೆಗೆ ಬಾಡಿಗೆ. ಯಾವುದು ತಮ್ಮದೆಂದು ಹೇಳುವುದು? ಕುರುಮಾನಿನವರಿಗೆ ಬೇರೆಡೆ ಮನೆಯೇ ಇರಲಿಲ್ಲ. ತಾವು ನೆಟ್ಟ ಮರ, ತಾವು ತೋಡಿದ ಕಾಲುವೆ, ತಮ್ಮವರ ಗೋರಿಗಳು ಎಲ್ಲವೂ ಇಲ್ಲಿದ್ದವು. ಮಾರ್ಚ್ 20ರ ಭಾನುವಾರ ಮಾಫಟರು ಕೊನೆಯ ಉಪದೇಶ ಮಾಡಿದರು. 25ರಂದು ಗಾಡಿ ಹೊರಟಿತು. ಮುದುಕರು, ಹೆಂಗಸರು, ಅವರ ಮಡಿಲಲ್ಲಿ ಅಕ್ಷರ ಕಲಿತು ಈಗ ತಾವೇ ಮಕ್ಕಳೊಂದಿಗರಾದವರು, ಕೈಹಿಡಿದು ಮಾತಾಡಿಸಲೆಂದು ಮನೆಬಾಗಿಲಿಗೆ ಮುತ್ತಿಕೊಂಡರು. ಗಾಡಿ ಚಲಿಸಿದಾಗ ಎದ್ದ ಅಳುವಿನ ಧ್ವನಿಯನ್ನು ಕಂಡವರು ಬರೆದಿಟ್ಟಿದ್ದಾರೆ. ಬಹುದೂರದವರೆಗೆ ಜನ ಗಾಡಿಯ ಜೊತೆಗೆ ನಡೆದುಬಂದರು.

ಇಂಗ್ಲೆಂಡಿನ ಚಳಿ ಮೇರಿಯವರ ಎದೆಗೆ ಒಗ್ಗಲಿಲ್ಲ. ಊರು ಮುಟ್ಟಿ ಆರು ತಿಂಗಳೂ ಆಗಿರಲಿಲ್ಲ. 1871ರ ಜನವರಿಯಲ್ಲಿ ಲಂಡನ್ನಿನ ಬ್ರಿಕ್ಸ್ಟನ್ನಿನಲ್ಲಿ ತೀರಿಕೊಂಡರು. ಐವತ್ತೊಂದು ವರ್ಷಗಳ ದಾಂಪತ್ಯ. ರಾಬರ್ಟರು ಮತ್ತೆ ಹನ್ನೆರಡು ವರ್ಷ ಬದುಕಿದ್ದು 1883ರ ಆಗಸ್ಟಿನಲ್ಲಿ ಕೆಂಟ್ ಸೀಮೆಯಲ್ಲಿ ದೇಹ ಬಿಟ್ಟರು. ಈ ನಡುವೆ ಎಡಿನ್‌ಬರೋ ವಿಶ್ವವಿದ್ಯಾಲಯವು ಗೌರವ ಪದವಿ ಕೊಟ್ಟಿತು. ಅಭಿಮಾನಿಗಳು ನಿಧಿ ಅರ್ಪಿಸಿದರು. 1874ರ ಏಪ್ರಿಲ್ 18ರಂದು ಅಳಿಯ ಲಿವಿಂಗ್‌ಸ್ಟನ್ನರ ದೇಹವನ್ನು ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಸಮಾಧಿ ಮಾಡಿದಾಗ, ಬಿಳಿಯ ಗಡ್ಡದ ಈ ಮುದುಕರೂ ದುಃಖಿತರ ಗುಂಪಿನಲ್ಲಿದ್ದರು. ಮಗಳು ಮಾತ್ರ ಜಾಂಬೆಜಿಯ ದಡದ ಮರದಡಿಯಲ್ಲಿಯೇ ಉಳಿದಳು.

ಹೆಂಡತಿ ತೀರಿಹೋದ ಆ ಮೊದಲ ತಿಂಗಳುಗಳಲ್ಲಿ ಮಾಫಟರು ಏನು ಮಾಡುತ್ತಿದ್ದರೆಂದು ನೋಡಿದರೆ, ಮನೆಯ ಭಾರವನ್ನು ಮಗಳು ಜೇನ್ ಹೊತ್ತಿದ್ದಳು. ಮುದುಕರು ಕರಡಚ್ಚು ತಿದ್ದುತ್ತಿದ್ದರು. ತ್ಸ್ವಾನ ಬೈಬಲಿನ ಪರಿಷ್ಕೃತ ಮುದ್ರಣ 1872ರಲ್ಲಿ ಹೊರಬಂದಿತು.